ಅಮ್ಮ ಹುಟ್ಟಿದ್ದು ಅವರೆಕಾಯಿ ಕಾಲದಲ್ಲಲ್ಲ

ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ:

ಈ ವರ್ಷದ ಜನವರಿ 1ರಂದು ನಮ್ಮ ತಾಯಿಯವರ ಫೋನು ಬೆಳಿಗ್ಗೆ ಆರು ಗಂಟೆಗೇ ಸದ್ದು ಮಾಡತೊಡಗಿತು. ಹೊಸ ವರ್ಷದ ಶುಭಾಶಯಗಳಿರಬೇಕೆಂದು ಮೊದಲು ಸುಮ್ಮನಿದ್ದೆ. ಆಮೇಲೆ ಎತ್ತಿ ನೋಡಿದರೆ ಬ್ಯಾಂಕಿನಿಂದ ಒಂದು, ವಿಮೆಯವರಿಂದ ಒಂದು, ಹೋದ ವರ್ಷ ಕನ್ನಡಕ ಮಾಡಿಸಿದ್ದ ಅಂಗಡಿಯಿಂದ ಒಂದು, ಹೀಗೆ ಬಂದದ್ದೆಲ್ಲ ಹುಟ್ಟುಹಬ್ಬದ ಸಂದೇಶಗಳೇ ಆಗಿದ್ದವು. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ನನ್ನ ಮಗಳು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಅಜ್ಜಿಯ ಹಳೆಯ ಫೋಟೊ ಹಾಕಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಜನ ಹಾರೈಸಿ, ಕೇಕಿನ ಚಿತ್ರಗಳನ್ನು ಕಳುಹಿಸಿದ್ದರು. ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದ ಅಮ್ಮನಿಗೆ ನಾನು ಒಂದೊಂದನ್ನೇ ಓದಿ ಹೇಳುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಓದುವಾಗ ಅವರು ಕೈ ನಿಲ್ಲಿಸಿ, "ಇವತ್ತು ಯಾರು ಹುಟ್ಟಿದ್ದಪ್ಪ?" ಎಂದು ಕೇಳಿದರು. "ನೀನೇ ಕಣಮ್ಮ" ಎಂದೆ. "ನಾನು ಅವರೆಕಾಯಿ ಕಾಲದಲ್ಲಿ ಹುಟ್ಟಿದವಳಲ್ಲ. ಗಾಂಧಿ ಬೆಟ್ಟದ ಮೇಲಿದ್ದಾಗ ಹುಟ್ಟಿದವಳು" ಎಂದು ಹೇಳಿ ಮತ್ತೆ ಸುಲಿಯತೊಡಗಿದರು.

ನಮ್ಮ ಸೀಮೆಯಲ್ಲಿ ಬೆಟ್ಟವೆಂದರೆ ನಂದಿ ಬೆಟ್ಟ. ಅಮ್ಮನ ತವರು ಅದರ ತಪ್ಪಲಿನ ಹಳ್ಳಿ. ಗಾಂಧೀಜಿಯವರು 1927ರ ಬೇಸಿಗೆಯಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಅಲ್ಲಿ ತಂಗಿದ್ದರು, 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದಿದ್ದರು. ಸೋದರಮಾವಂದಿರ ವಯಸ್ಸುಗಳನ್ನು ಲೆಕ್ಕ ಹಾಕಿದರೆ ಅಮ್ಮನದು ಎರಡನೆಯ ಭೇಟಿಯ ಕಾಲವೇ ಆಗಬೇಕು. ಆದರೆ ಆಧಾರ್ ಕಾರ್ಡಿನಲ್ಲಿ ಅವರ ಜನ್ಮದಿನಾಂಕ 01-01-1940 ಎಂದಿದೆ. ನೋಂದಣಿಗೆ ಕರೆದುಕೊಂಡು ಹೋಗಿದ್ದ ನನ್ನ ತಮ್ಮ ಅಂದಾಜಿನ ಮೇಲೆ ಎಪ್ಪತ್ತೆರಡು ವರ್ಷ ಎಂದು ಹೇಳಿದ್ದ. ದಿನಾಂಕ ಗೊತ್ತಿಲ್ಲದೆ ಬರೀ ವಯಸ್ಸನ್ನು ಹೇಳಿದವರಿಗೆ ಆ ವ್ಯವಸ್ಥೆ ಹುಟ್ಟಿದ ವರ್ಷವನ್ನು ಲೆಕ್ಕ ಹಾಕಿ ಜನವರಿ 1 ಎಂದು ದಾಖಲಿಸಿಕೊಳ್ಳುತ್ತದೆ. ಆ ದಿನಾಂಕವೇ ಬ್ಯಾಂಕಿಗೆ ಹೋಯಿತು, ಬ್ಯಾಂಕಿನಿಂದ ಫೋನಿಗೆ ಬಂತು, ಫೋನಿನಿಂದ ಮೊಮ್ಮಕ್ಕಳ ಮನಸ್ಸಿಗೆ ಬಂತು.

ಈ ವಿಷಯದಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಹೇಳಿಯೇ ಮುಂದುವರಿಯಬೇಕು. 1980ರ ದಶಕದಲ್ಲಿ ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ, ಮಕ್ಕಳನ್ನು ಸೇರಿಸಿಕೊಳ್ಳುವ ದಿನ ತಂದೆತಾಯಿಗಳು ಹುಟ್ಟಿದ ದಿನಾಂಕ ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದೆವು. ಬೆರಳಿಗೆ ಕಿವಿ ಸಿಕ್ಕಿದರೆ ಒಂದನೆಯ ತರಗತಿಗೆ ವಯಸ್ಸಾಗಿದೆ ಎಂದು ಲೆಕ್ಕ. ಶಾಲೆ ಜೂನ್‌ನಲ್ಲಿ ಆರಂಭವಾಗುತ್ತಿದ್ದುದರಿಂದ ವಯಸ್ಸು ಸರಿಹೊಂದುವಂತೆ ಜೂನ್ 1 ಎಂದೋ, ಮೇ ತಿಂಗಳ ಯಾವುದೋ ದಿನವೆಂದೋ ದಾಖಲಾತಿ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿದ್ದೇನೆ. ಆ ಮಕ್ಕಳಿಗೆ ಈಗ ನಲವತ್ತು ದಾಟಿದೆ. ಅವರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ, ಫೋನಿನಲ್ಲಿ ಇರುವುದು ನಾನು ಬರೆದ ದಿನ. ತಾಯಂದಿರನ್ನು ಇನ್ನೊಂದು ಮಾತು ಕೇಳಿದ್ದರೆ ಸುಗ್ಗಿಯೋ, ಬಿತ್ತನೆಯೋ, ಯಾವ ಜಾತ್ರೆಯ ಆಚೀಚೆಯೋ ಎಂದು ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಈ ವರ್ಷ ಅಮ್ಮನಿಗೆ ತೊಂಬತ್ತು ತುಂಬುತ್ತದೆ. ನಿಮ್ಮ ಮನೆಗಳಲ್ಲಿ ಹಿರಿಯರ ಹುಟ್ಟಿದ ದಿನವನ್ನು ಯಾವ ಆಧಾರದ ಮೇಲೆ ಇಟ್ಟುಕೊಂಡಿದ್ದೀರಿ? ಅವರ ನಿಜವಾದ ದಿನವನ್ನು ಈಗಲಾದರೂ ಕಂಡುಕೊಳ್ಳಲು ದಾರಿಯಿದೆಯೇ?

ಗೃಹಿಣಿ, ಶಿಡ್ಲಘಟ್ಟ:

ಮೇಷ್ಟ್ರೇ, ನಮ್ಮ ಅಮ್ಮನ ಆಧಾರ್‌ನಲ್ಲಿಯೂ ಜನವರಿ 1 ಎಂದೇ ಇದೆ. ಆದರೆ ನಮ್ಮ ಮನೆಯಲ್ಲಿ ತೊಂದರೆ ಕೊಟ್ಟದ್ದು ದಿನಾಂಕವಲ್ಲ, ಬೆರಳು.

ಅಮ್ಮ ಮೂವತ್ತೈದು ವರ್ಷ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಕೆಲಸ ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ಕುದಿಸಿದ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಪ್ರತಿ ಗೂಡಿನ ಎಳೆಯ ತುದಿಯನ್ನು ಬೆರಳಿನಿಂದಲೇ ಹಿಡಿದು ತೆಗೆದು, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಕೊಡಬೇಕು. ಒಂದು ಎಳೆ ತುಂಡಾದರೆ ಆ ಕ್ಷಣವೇ ಇನ್ನೊಂದನ್ನು ಸೇರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಕೈ ಆ ನೀರಿನಲ್ಲೇ ಇರುತ್ತದೆ. ಅಮ್ಮನ ಬೆರಳ ತುದಿಗಳು ಬಿಳುಚಿಕೊಂಡು, ತೇದ ಗಂಧದ ಕೊರಡಿನ ಹಾಗೆ ನುಣುಪಾಗಿವೆ. ಪಡಿತರ ಅಂಗಡಿಯ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಇಟ್ಟರೆ ಅದು ಒಪ್ಪುವುದಿಲ್ಲ. ಒರೆಸಿ ಇಟ್ಟರೂ, ಕೊಬ್ಬರಿ ಎಣ್ಣೆ ಸವರಿ ಇಟ್ಟರೂ ಇಲ್ಲ. ಒಂದು ತಿಂಗಳು ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದರು. ಮೂರನೆಯ ಸಲ ಮನೆಗೆ ಬಂದು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ನಮ್ಮನ್ನೆಲ್ಲ ಸಾಕಿದ ಕೈ ಕಣೇ ಇದು" ಎಂದರು. ನಾನು ಆ ಮಾತನ್ನು ಮರೆಯಲಾರೆ.

ಈಗ ಕಣ್ಣಿನ ಪಾಪೆಯನ್ನು ನೋಡುವ ಯಂತ್ರದಲ್ಲಿ ಕೆಲಸ ನಡೆಯುತ್ತಿದೆ. ಅದಕ್ಕೂ ಮೊದಲು ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಹುಟ್ಟುಹಬ್ಬದ ದಿನ ಫೋನಿಗೆ ಅವರ ಹೆಸರು ನೆನಪಿರುತ್ತದೆ, ಅಕ್ಕಿ ಕೊಡುವ ದಿನ ಯಂತ್ರಕ್ಕೆ ಅವರ ಗುರುತು ಸಿಗುವುದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಅಮ್ಮ ಹುಟ್ಟಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಇದ್ದಾಗ ಕೇಳಬೇಕಿತ್ತು.

ಸಾಫ್ಟ್‌ವೇರ್ ಉದ್ಯೋಗಿ, ಕೋಲಾರ:

ಎಲ್ಲರ ನೋವನ್ನೂ ಗೌರವಿಸಿಯೇ ಒಂದು ಭಿನ್ನವಾದ ಮಾತು ಹೇಳಬೇಕೆನಿಸಿದೆ. ಹಳೆಯ ಕಾಲದವರು ಮಳೆ, ಬೆಳೆ, ಜಾತ್ರೆಗಳಿಂದ ಹುಟ್ಟನ್ನು ನೆನಪಿಟ್ಟುಕೊಳ್ಳುತ್ತಿದ್ದರು ಎಂಬುದು ಕೇಳಲು ಚೆನ್ನಾಗಿದೆ. ಆದರೆ ದಿನಾಂಕವಿಲ್ಲದೆ ಹೋದದ್ದು ಬಡವರಿಗೇ ಹೆಚ್ಚು ನಷ್ಟವಾಯಿತು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ತುಂಬಿರಬೇಕು; ನಮ್ಮ ಅವ್ವನಿಗೆ, ಅಂದರೆ ಮನೆಯಲ್ಲಿ ತೆಲುಗು ಮಾತಾಡುವ ನಮ್ಮಂಥವರ ಮಾತಿನಲ್ಲಿ ಅಜ್ಜಿಗೆ, ದಾಖಲೆಯಲ್ಲಿ ಐದು ವರ್ಷ ಕಡಿಮೆ ಬರೆದದ್ದರಿಂದ ಆ ಐದು ವರ್ಷಗಳ ಪಿಂಚಣಿ ಬರಲೇ ಇಲ್ಲ. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಒಮ್ಮೆ ಮಾತ್ರ ತಿದ್ದಲು ಅವಕಾಶ. ಅದಕ್ಕೂ ದಾಖಲೆ ಬೇಕು, ದಾಖಲೆ ಎಲ್ಲಿಂದ ತರುವುದು?

ಜನನ ಮತ್ತು ಮರಣಗಳ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದರ ನಂತರವೂ ಮನೆಯಲ್ಲೇ ಹೆರಿಗೆಯಾದ ಎಷ್ಟೋ ಹಳ್ಳಿಗಳ ಮಕ್ಕಳ ಹೆಸರು ಪುಸ್ತಕ ಸೇರಲಿಲ್ಲ. 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ದಿನಾಂಕದ ದಾಖಲೆ. ನನ್ನ ಮಗಳಿಗೆ ಈ ತೊಂದರೆ ಬರುವುದಿಲ್ಲ ಎಂಬುದು ನನಗೆ ನಿಜವಾದ ಸಮಾಧಾನ. ಯಂತ್ರವನ್ನು ದೂರುವ ಮೊದಲು, ಯಂತ್ರಕ್ಕೆ ಏನನ್ನು ಕೊಟ್ಟೆವು ಎಂಬುದನ್ನೂ ನೋಡಬೇಕಲ್ಲವೇ ಸರ್?

ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ:

ಖಂಡಿತ ನೋಡಬೇಕು. ಕೊಟ್ಟವರಲ್ಲಿ ನಾನೂ ಒಬ್ಬ ಎಂದು ಬರೆದದ್ದು ಅದಕ್ಕೇ.

ಅಂಚೆ ಇಲಾಖೆಯಿಂದ ನಿವೃತ್ತ, ತುಮಕೂರು:

ತುಮಕೂರಿನವರಿಗೆ ಹುಟ್ಟುಹಬ್ಬ ಎಂದೊಡನೆ ನೆನಪಾಗುವುದು ಏಪ್ರಿಲ್ 1. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರ ಏಪ್ರಿಲ್ 1ರಂದು ಹುಟ್ಟಿ, 2019ರ ಜನವರಿ 21ರಂದು ನೂರ ಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟುಹಬ್ಬವೆಂದರೆ ಮಠಕ್ಕೆ ಬಂದವರಿಗೆಲ್ಲ ಊಟ. ನಮ್ಮ ಬೀದಿಯಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರೊಬ್ಬರಿದ್ದರು. "ಬುದ್ಧಿಯವರ ದಿನವೇ ನನ್ನದೂ" ಎಂದು ಹೇಳಿ ಪ್ರತಿ ಏಪ್ರಿಲ್ 1ರಂದು ಕ್ಯಾತ್ಸಂದ್ರದವರೆಗೆ ನಡೆದೇ ಹೋಗಿ, ಮಠದಲ್ಲಿ ಪ್ರಸಾದ ತೆಗೆದುಕೊಂಡು ಬರುತ್ತಿದ್ದರು. ತಮ್ಮ ದಿನವನ್ನು ತಾವೇ ಆರಿಸಿಕೊಂಡ ಅವರಷ್ಟು ತೃಪ್ತಿಯಿಂದ ಹುಟ್ಟುಹಬ್ಬ ಆಚರಿಸಿದವರನ್ನು ನಾನು ನೋಡಿಲ್ಲ.

ನಿಮ್ಮ ಜಿಲ್ಲೆಯವರೇ ಆದ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ವಿಷಯವೂ ಇಲ್ಲಿಗೆ ಸಲ್ಲುತ್ತದೆ. ಸೆಪ್ಟೆಂಬರ್ 15 ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ, ದೇಶವೇ ಅಂದು ಎಂಜಿನಿಯರುಗಳ ದಿನ ಆಚರಿಸುತ್ತದೆ. ಆದರೆ ವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಬರೆಯುತ್ತವೆ. ನಮ್ಮ ಇಲಾಖೆ ಅವರ ಶತಮಾನೋತ್ಸವದ ಅಂಚೆ ಚೀಟಿ ಹೊರತಂದದ್ದು 1960ರಲ್ಲಿ, ಅವರು ಇನ್ನೂ ಬದುಕಿದ್ದಾಗಲೇ. ಅಂಥವರ ಹುಟ್ಟಿನ ವರ್ಷಕ್ಕೇ ಎರಡು ಲೆಕ್ಕವಿರುವಾಗ ನಿಮ್ಮ ತಾಯಿಯವರ ನಾಲ್ಕು ವರ್ಷದ ವ್ಯತ್ಯಾಸಕ್ಕೆ ನೀವು ಅಷ್ಟು ನೊಂದುಕೊಳ್ಳಬೇಕಾಗಿಲ್ಲ, ಮೇಷ್ಟ್ರೇ.

ಶಾಲಾ ಗ್ರಂಥಪಾಲಕಿ, ಬಂಗಾರಪೇಟೆ:

ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ಪ್ರತಿ ವರ್ಷ ಮಾರ್ಚ್‌ನಲ್ಲಿ ನನ್ನ ಫೋನು, "ಇಂದು ಅಪ್ಪನ ಹುಟ್ಟುಹಬ್ಬ, ಶುಭ ಹಾರೈಸಿ" ಎಂದು ತೋರಿಸುತ್ತದೆ. ಮೊದಲ ವರ್ಷ ಬಸ್ಸಿನಲ್ಲಿದ್ದಾಗ ಅದನ್ನು ಓದಿ ಕಣ್ಣು ತುಂಬಿಕೊಂಡು ನನ್ನ ನಿಲ್ದಾಣದಲ್ಲಿ ಇಳಿಯುವುದನ್ನೇ ಮರೆತೆ. ಫೇಸ್‌ಬುಕ್‌ನಲ್ಲಿ ತೀರಿಕೊಂಡವರ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಾಯಿಸಿಕೊಳ್ಳಲು ಅವಕಾಶವಿದೆ. ಹಾಗೆ ಮಾಡಿದರೆ ಹುಟ್ಟುಹಬ್ಬದ ಸೂಚನೆಗಳು ನಿಲ್ಲುತ್ತವೆ. ಅಲ್ಲಿ ಹಾಗೆಯೇ ಮಾಡಿಸಿದೆ. ಆದರೆ ಫೋನಿನ ಕ್ಯಾಲೆಂಡರಿನಲ್ಲಿ ಇರುವುದನ್ನು ಅಳಿಸಲು ಕೈ ಬರಲಿಲ್ಲ, ಈಗ ಅಳಿಸುವ ಮನಸ್ಸೂ ಇಲ್ಲ. ಆ ದಿನ ಅಮ್ಮ ಅಪ್ಪನಿಗೆ ಇಷ್ಟವಾಗಿದ್ದ ಹಯಗ್ರೀವ ಮಾಡುತ್ತಾರೆ.

ಮಾಸ್ತಿಯವರು ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯವರು. ಅವರು ಹುಟ್ಟಿದ್ದು 1891ರ ಜೂನ್ 6ರಂದು; ತೀರಿಕೊಂಡದ್ದೂ 1986ರ ಜೂನ್ 6ರಂದೇ, ತೊಂಬತ್ತೈದು ತುಂಬಿದ ದಿನ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ, ಆ ಮನೆಯವರು ಮುಂದೆ ಆ ದಿನವನ್ನು ಹೇಗೆ ಕಳೆದಿರಬಹುದು ಎಂದು ಯೋಚಿಸುತ್ತೇನೆ. ಹುಟ್ಟಿದ ದಿನವನ್ನು ನೆನೆಯಲು ಮನುಷ್ಯ ಬದುಕಿಯೇ ಇರಬೇಕೆಂದಿಲ್ಲ.

ಫೋಟೊಗಳ ವಿಷಯದಲ್ಲಿ ಎಲ್ಲರಿಗೂ ಒಂದು ಮನವಿ. ಅಪ್ಪನ ಹಳೆಯ ಫೋಟೊಗಳನ್ನು ನಾನು ಫೋನಿನಲ್ಲೇ ತೆಗೆದು ಇಟ್ಟುಕೊಂಡೆ. 1974ರ ಮದುವೆಯ ಫೋಟೊ ಈಗ ಹೋದ ವರ್ಷದ ಆಗಸ್ಟ್‌ನಲ್ಲಿ ಕಾಣಿಸುತ್ತದೆ, ಏಕೆಂದರೆ ಫೋನಿಗೆ ಗೊತ್ತಿರುವುದು ತಾನು ತೆಗೆದ ದಿನ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಫೋಟೊದಿಂದ ಅದನ್ನು ತೆಗೆದ ದಿನಾಂಕದ ಮಾಹಿತಿ ಕಳಚಿಹೋಗುತ್ತದೆ. ಅದಕ್ಕೆ ಕಾಗದದ ಫೋಟೊದ ಹಿಂಬದಿಯನ್ನೂ ಫೋಟೊ ತೆಗೆದುಕೊಳ್ಳಿ. ನಮ್ಮಪ್ಪ ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಊರು, ವರ್ಷ, ನಿಂತವರ ಹೆಸರು ಬರೆದಿದ್ದರು. ಅಷ್ಟನ್ನು ಬರೆದಿರದಿದ್ದರೆ ಎಡಗಡೆಯಿಂದ ಮೂರನೆಯವರು ಯಾರು ಎಂದು ಹೇಳಲು ಈಗ ಮನೆಯಲ್ಲಿ ಒಬ್ಬರೂ ಉಳಿದಿಲ್ಲ.

ಪಂಚಾಂಗ ಆಸಕ್ತ, ತಿಪಟೂರು:

ಮೇಷ್ಟ್ರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ನಿಮ್ಮ ತಾಯಿಯವರ ದಿನವನ್ನು ಕಂಡುಕೊಳ್ಳಲು ದಾರಿಯಿದೆ. 1936ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಧಾತು ಸಂವತ್ಸರ. ಅವರು ಹೇಳುವ ಕಾಲ ವೈಶಾಖದ ಕೊನೆಯೋ ಜ್ಯೇಷ್ಠದ ಆರಂಭವೋ ಆಗುತ್ತದೆ. ಅವರನ್ನು ತಾರೀಖು ಕೇಳಬೇಡಿ. ಅವರ ತಾಯಿ ಏನು ಹೇಳುತ್ತಿದ್ದರು ಎಂದು ಕೇಳಿ; ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಯಾವುದು ಹತ್ತಿರವಿತ್ತು, ಆ ದಿನ ಮನೆಯಲ್ಲಿ, ಹೊಲದಲ್ಲಿ ಏನು ನಡೆದಿತ್ತು ಎಂದು ಕೇಳಿ. ವಾರವನ್ನು ಮರೆತವರೂ ಆ ದಿನದ ಕೆಲಸವನ್ನು ಮರೆತಿರುವುದಿಲ್ಲ.

ತಿಥಿಯಿಂದ ಆಚರಿಸುವುದಕ್ಕೆ ಫೋನು ಏಕೆ ಒಗ್ಗುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆಯಾದ್ದರಿಂದ ತಿಥಿ ಪ್ರತಿ ವರ್ಷ ಅಷ್ಟು ಹಿಂದೆ ಸರಿಯುತ್ತದೆ, ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ಕೂಡುತ್ತವೆ. ಐವತ್ತೇಳನೆಯ ಮತ್ತು ಎಪ್ಪತ್ತಾರನೆಯ ಹುಟ್ಟುಹಬ್ಬಗಳಲ್ಲಿ ಇದನ್ನು ನೋಡಬಹುದು. ಪ್ರತಿ ವರ್ಷ ಇದೇ ತಾರೀಖಿಗೆ ನೆನಪಿಸು ಎಂದು ಫೋನಿಗೆ ಹೇಳಿಟ್ಟರೆ ಅದು ಪಾಲಿಸುವುದು ತಾರೀಖನ್ನೇ. ಅದಕ್ಕೆ ನಮ್ಮ ಮನೆಯಲ್ಲಿ ಯುಗಾದಿಯ ದಿನ ಬೇವುಬೆಲ್ಲ ತಿಂದು ಪಂಚಾಂಗ ಶ್ರವಣ ಮುಗಿದ ಮೇಲೆ, ಮನೆಮಂದಿಯ ಹುಟ್ಟಿದ ತಿಥಿಗಳು ಆ ವರ್ಷ ಯಾವ ತಾರೀಖಿಗೆ ಬರುತ್ತವೆ ಎಂದು ನೋಡಿ, ಮೊಮ್ಮಗನ ಕೈಯಲ್ಲಿ ಒಂದೇ ಸಲಕ್ಕೆ ಎಲ್ಲರ ಫೋನುಗಳಿಗೂ ಹಾಕಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಆ ನೆಪದಲ್ಲಿ ಹುಡುಗನಿಗೆ ತಿಂಗಳುಗಳ ಹೆಸರು ಬಾಯಿಗೆ ಬಂದಿದೆ.

ಒಂದು ಎಚ್ಚರಿಕೆ ಇರಲಿ. ಈ ವರ್ಷ, ಪರಾಭವ ಸಂವತ್ಸರದಲ್ಲಿ, ಅಧಿಕ ಜ್ಯೇಷ್ಠ ಬರುತ್ತದೆ. ಜ್ಯೇಷ್ಠದಲ್ಲಿ ಹುಟ್ಟಿದವರು ಹುಟ್ಟುಹಬ್ಬವನ್ನು ನಿಜ ಜ್ಯೇಷ್ಠದಲ್ಲಿ ಇಟ್ಟುಕೊಳ್ಳುವುದು ವಾಡಿಕೆ.

ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ:

ತಿಪಟೂರಿನವರು ಹೇಳಿದಂತೆಯೇ ನಿನ್ನೆ ರಾತ್ರಿ ಊಟವಾದ ಮೇಲೆ ಕೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ತಾಯಿ ಹೇಳುತ್ತಿದ್ದ ಎರಡು ಮಾತು ನೆನಪಿದೆ ಎಂದರು. ಒಂದು, ಅಮಾವಾಸ್ಯೆ ಕಳೆದು ಐದನೆಯ ದಿನ. ಇನ್ನೊಂದು, ಅಂದು ಎತ್ತು ಹೂಡಿರಲಿಲ್ಲ, ಅದಕ್ಕೆ ತಾತ ಮನೆಯಲ್ಲಿ ಇರಬೇಕಿತ್ತು, ಇರಲಿಲ್ಲ. ಎಲ್ಲಿಗೆ ಹೋಗಿದ್ದರು ಎಂದು ಕೇಳುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು.

ಸಾಫ್ಟ್‌ವೇರ್ ಉದ್ಯೋಗಿ, ಕೋಲಾರ:

ಸರ್, ಇಷ್ಟು ಸಾಕು. ಹಳೆಯ ವರ್ಷಗಳ ಚಂದ್ರನ ಸ್ಥಿತಿಯನ್ನು ಲೆಕ್ಕ ಹಾಕುವ ತಂತ್ರಾಂಶದಲ್ಲಿ 1936ರ ಮೇ ತಿಂಗಳನ್ನು ತೆಗೆದು ನೋಡಿದೆ. ಆ ತಿಂಗಳ ಅಮಾವಾಸ್ಯೆ ಮೇ 20, ಬುಧವಾರ. ಅದು ಕಳೆದ ಐದನೆಯ ದಿನ ಮೇ 25. ವಾರ ಯಾವುದೆಂದು ನೋಡಿದಾಗ ನನಗೆ ಮೈ ಜುಮ್ಮೆಂದಿತು, ಸೋಮವಾರ. ನಮ್ಮ ತಾತನೂ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ನಿಮ್ಮ ಅಜ್ಜಿ ಹೇಳಿದ ಎರಡು ಮಾತುಗಳು ತೊಂಬತ್ತು ವರ್ಷಗಳ ನಂತರ ಒಂದೇ ದಿನದ ಮೇಲೆ ಬಂದು ನಿಂತಿವೆ. ಯಾವ ಕಚೇರಿಯೂ ಇದನ್ನು ದಾಖಲೆಯೆಂದು ಒಪ್ಪುವುದಿಲ್ಲ, ಗೊತ್ತು. ನಾನು ಮಾತ್ರ ಒಪ್ಪುತ್ತೇನೆ.

ಇನ್ನೊಂದು ಸಂಗತಿಯಿದೆ. ಈ ವರ್ಷದ ಮೇ 25 ಕೂಡ ಸೋಮವಾರವೇ.

ಗೃಹಿಣಿ, ಶಿಡ್ಲಘಟ್ಟ:

ಇದನ್ನು ಓದಿ ಅಮ್ಮನ ಪಕ್ಕದಲ್ಲಿ ಕುಳಿತು ನಾನೂ ಕೇಳಿದೆ. ಅವರಿಗೆ ಗೊತ್ತಿರುವುದು ಒಂದೇ: ಹುಟ್ಟಿದ ವಾರ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೆಯ ಜ್ವರಕ್ಕೆ, ಅಂದರೆ ನಾಲ್ಕನೆಯ ಸಲ ಪೊರೆ ಬಿಡಲು, ಕೂತಿದ್ದವು, ಬಾಣಂತಿಯನ್ನು ನೋಡಿಕೊಳ್ಳಲು ಯಾರಿಗೂ ಬಿಡುವಿರಲಿಲ್ಲ. ವರ್ಷಕ್ಕೆ ಹಲವು ಬೆಳೆ ತೆಗೆಯುವ ಊರಿನಲ್ಲಿ ಅದರಿಂದ ತಿಂಗಳು ತಿಳಿಯುವುದಿಲ್ಲ. ಆದರೂ ಬರೆದಿಟ್ಟುಕೊಂಡಿದ್ದೇನೆ. ದೊಡ್ಡಮ್ಮ ವಿಜಯಪುರದಲ್ಲಿದ್ದಾರೆ, ಬರುವ ಭಾನುವಾರ ಹೋಗಿ ಅವರನ್ನೂ ಕೇಳುತ್ತೇನೆ.

ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ:

ಕೋಲಾರದ ತಮ್ಮನಿಗೆ ನಾನು ಎಷ್ಟು ಋಣಿಯೆಂದು ಹೇಳಲಾರೆ. ಮೇ 25ರಂದು ಮಕ್ಕಳು, ಮೊಮ್ಮಕ್ಕಳೆಲ್ಲ ಬರಲಿ, ಅವರಿಗೆ ರಜೆಯ ಕಾಲ. ಜೂನ್ ಮೂರನೆಯ ವಾರ ನಿಜ ಜ್ಯೇಷ್ಠದ ಪಂಚಮಿಯಂದು ಅಮ್ಮನಿಗೆ ಎಣ್ಣೆ ನೀರು ಹಾಕಿ, ಆರತಿ ಎತ್ತಿ, ಒಬ್ಬಟ್ಟು ಮಾಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಎರಡೂ ದಿನಗಳನ್ನು ಮಗಳು ಎಲ್ಲರ ಫೋನಿಗೂ ಹಾಕಿದ್ದಾಳೆ. ಜನವರಿ 1 ಬ್ಯಾಂಕಿನವರಿಗೇ ಇರಲಿ.

ಸೋಮವಾರ ಎಂಬುದನ್ನು ಅಮ್ಮನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ತಾತ ಎಲ್ಲಿಗೆ ಹೋಗಿದ್ದರು ಎಂದು ಈ ಸಲ ಮರೆಯದೆ ಕೇಳಿದೆ. "ಎತ್ತಿಗೆ ಬಿಡುವಿತ್ತಲ್ಲ, ಗಾಂಧಿಯನ್ನು ನೋಡಬೇಕು ಅಂತ ನಸುಕಿನಲ್ಲೇ ಬೆಟ್ಟ ಹತ್ತಿದ್ದರಂತೆ. ಸಾಯಂಕಾಲ ಇಳಿದು ಬಂದರೆ ತೊಟ್ಟಿಲಲ್ಲಿ ನಾನಿದ್ದೆ" ಎಂದರು. ನೋಡಲು ಸಿಕ್ಕಿದರೇ ಎಂದು ಕೇಳಿದೆ. ದೂರದಿಂದ, ಬಿಳಿಯ ಬಟ್ಟೆ ಮಾತ್ರ ಕಂಡಿತಂತೆ.